ಖೈರಿಯತ್ತಿನ ಆಚೆ: ಗಲ್ಫ್ ಕಥನ ಮತ್ತು ಕನ್ನಡದ ಮೌನ

ಕನ್ನಡ ಸಾಹಿತ್ಯ ಸಮುದ್ರ ದಾಟಿ ಬಹಳ ಕಾಲವಾಯಿತು. ಶಿವರಾಮ ಕಾರಂತರು ಯುರೋಪ್ ನೋಡಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತೊಂಬತ್ತರ ದಶಕದಲ್ಲಿ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕ ಅಮೆರಿಕ’ ಸಿನಿಮಾವನ್ನು ಊರೂರಿನ ಜನ ನೋಡಿ ಮೆಚ್ಚಿದರು. ಮಗ ಅಮೆರಿಕಕ್ಕೆ ಹೋಗುವುದು, ಅಲ್ಲೇ ನೆಲೆಸುವುದು, ಇಲ್ಲಿ ತಂದೆತಾಯಿ ಒಂಟಿಯಾಗುವುದು. ಈ ವಸ್ತುವಿನ ಮೇಲೆ ನಮ್ಮಲ್ಲಿ ಬಂದ ಕಥೆ, ನಾಟಕ, ಧಾರಾವಾಹಿಗಳಿಗೆ ಲೆಕ್ಕವಿಲ್ಲ.

ಇದೇ ಕಾಲದಲ್ಲಿ ಕರ್ನಾಟಕದಿಂದ ಇನ್ನೊಂದು ಪಯಣವೂ ನಡೆದಿತ್ತು. 1973ರಲ್ಲಿ ತೈಲದ ಬೆಲೆ ಏರಿ ಅರಬ್ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಶುರುವಾದ ಮೇಲೆ ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಉಳ್ಳಾಲದ ಕಡೆಯಿಂದ ಗಂಡಸರು ಹೊರಟರು. ನವಾಯತರು, ಬ್ಯಾರಿಗಳು, ಕ್ರೈಸ್ತರು, ಬಂಟರು, ಬಿಲ್ಲವರು, ಮೊಗವೀರರು ಎಲ್ಲರೂ ಇದ್ದರು. ಒಳನಾಡಿನ ಊರುಗಳಿಂದ ದಖನಿ ಮಾತಾಡುವ ಮೆಕ್ಯಾನಿಕ್‌ಗಳು, ಗಾರೆಯವರು, ಡ್ರೈವರ್‌ಗಳು ಹೋದರು. ಇವತ್ತು ಕೊಲ್ಲಿಯ ಆರು ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶದ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣ ಸುಮಾರು 129 ಶತಕೋಟಿ ಡಾಲರ್. ಜಗತ್ತಿನ ಯಾವ ದೇಶಕ್ಕೂ ಇಷ್ಟು ಹಣ ಬರುವುದಿಲ್ಲ. ಆ ಹಣದಲ್ಲಿ ಗಣನೀಯವಾದ ಒಂದು ಪಾಲು ಇಂದಿಗೂ ಮರಳುಗಾಡಿನ ಕಡೆಯಿಂದ ಬರುತ್ತದೆ.

ಹಣ ಬಂತು, ಕಥೆ ಬರಲಿಲ್ಲ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಸಾರಾ ಅಬೂಬಕ್ಕರ್ ಇವರು ಕರಾವಳಿಯ ಮುಸ್ಲಿಮರ ಬದುಕನ್ನು ಕನ್ನಡಕ್ಕೆ ತಂದುಕೊಟ್ಟವರು. ಆ ಬರವಣಿಗೆಯ ಬೆಳಕಿನಲ್ಲೇ ನಮ್ಮಂಥವರು ಬರೆಯಲು ಕಲಿತೆವು. ಆದರೂ ನನ್ನ ಓದಿನ ಮಟ್ಟಿಗೆ ಹೇಳುವುದಾದರೆ, ನಮ್ಮ ಕಥೆಗಳಲ್ಲಿ ಗಲ್ಫ್ ಬರುವುದು ಒಂದು ಅಂಚಿನಲ್ಲಿ. ಯಾರೋ ಅಲ್ಲಿದ್ದಾರೆ, ಡ್ರಾಫ್ಟ್ ಕಳುಹಿಸುತ್ತಾರೆ, ರಜೆಯಲ್ಲಿ ಬಂದು ಹೋಗುತ್ತಾರೆ. ಅವರೇ ನಡುಮನೆಗೆ ಬಂದು ಕುಳಿತ ಕಥೆಗಳು ತೀರಾ ಕಡಿಮೆ. ಯಾಕೆ ಹೀಗಾಯಿತು, ಅನ್ಯಭಾಷೆಗಳಲ್ಲಿ ಬಂದ ಗಲ್ಫ್ ಕಥನಗಳಿಂದ ನಾವು ಕಲಿಯುವುದೇನು ಎಂಬುದನ್ನು ವಿಚಾರ ಮಾಡುವುದು ಈ ಬರಹದ ಉದ್ದೇಶ.

ಗುರ್ಬತ್ ಎಂಬ ಪದ

ಅಮೆರಿಕದ ಕಥೆಗೂ ಗಲ್ಫಿನ ಕಥೆಗೂ ಮೂಲದಲ್ಲೇ ಒಂದು ಅಂತರವಿದೆ. ಅಮೆರಿಕಕ್ಕೆ ಹೋದವನ ಮುಂದಿರುವ ಪ್ರಶ್ನೆ ‘ಉಳಿಯಲೋ, ಮರಳಲೋ?’ ಎಂಬುದು. ಗ್ರೀನ್ ಕಾರ್ಡ್ ಇದೆ, ಪೌರತ್ವದ ದಾರಿ ಇದೆ. ಆದ್ದರಿಂದ ಆ ಕಥೆಗಳಲ್ಲಿ ದೇಶಪ್ರೇಮ, ಸಂಸ್ಕೃತಿ, ಬೇರುಗಳ ಮಾತು ಬರುತ್ತದೆ. ಗಲ್ಫಿಗೆ ಹೋದ ಕೆಲಸಗಾರನಿಗೆ ಆ ಆಯ್ಕೆಯೇ ಇಲ್ಲ. ಇಪ್ಪತ್ತೋ ಮೂವತ್ತೋ ವರ್ಷ ದುಡಿದರೂ ಅವನು ಅಲ್ಲಿನವನಾಗುವುದಿಲ್ಲ. ವೀಸಾ ಮುಗಿದ ದಿನ ಹೊರಡಬೇಕು. ಉರ್ದು ಸಾಹಿತ್ಯಕ್ಕೆ ‘ಹಿಜ್ರತ್’ ಎಂಬುದು ಚೆನ್ನಾಗಿ ಗೊತ್ತಿರುವ ವಸ್ತು. ದೇಶವಿಭಜನೆಯ ನಂತರದ ಅರ್ಧ ಉರ್ದು ಕಥಾಸಾಹಿತ್ಯ ಅದರ ಸುತ್ತಲೇ ಬೆಳೆದಿದೆ. ಇಂತಿಜಾರ್ ಹುಸೇನರ ‘ಬಸ್ತಿ’ ಕಾದಂಬರಿಯನ್ನು ನೆನೆದರೆ ಸಾಕು. ಆದರೆ ಗಲ್ಫಿಗೆ ಹೋದವನು ಮುಹಾಜಿರ್ ಅಲ್ಲ. ಅವನು ಊರು ಬಿಟ್ಟವನಲ್ಲ, ಊರಿಗಾಗಿಯೇ ಹೋದವನು. ಅವನಿಗೆ ಹೊಂದುವ ಪದ ‘ಗುರ್ಬತ್’.

ಅರಬಿಯಲ್ಲಿ ಈ ಪದಕ್ಕೆ ಪರಸ್ಥಳದಲ್ಲಿರುವುದು, ಪರಕೀಯನಾಗಿರುವುದು ಎಂಬ ಅರ್ಥ. ಗರೀಬ್ ಎಂದರೆ ಪರದೇಶಿ. ಉರ್ದುವಿಗೆ ಬಂದಾಗ ಅದು ಆ ಅರ್ಥವನ್ನೂ ಉಳಿಸಿಕೊಂಡು ಬಡತನ ಎಂಬ ಅರ್ಥವನ್ನೂ ಪಡೆಯಿತು. ಕನ್ನಡದ ಆಡುಮಾತಿನಲ್ಲಿ ‘ಗರೀಬ’ ಬರೀ ಬಡವನಾಗಿ ಉಳಿದಿದ್ದಾನೆ. ಬಡತನದಿಂದ ಪರದೇಶಿಯಾಗುವುದು, ಪರದೇಶಿಯಾದ್ದರಿಂದ ಇನ್ನೊಂದು ಬಗೆಯ ಬಡತನಕ್ಕೆ ಬೀಳುವುದು ಈ ಒಂದೇ ಪದದಲ್ಲಿ ಅಡಗಿದೆ.

ಇನ್ನೊಂದು ಪದವನ್ನೂ ನೋಡಬೇಕು. ಗಲ್ಫಿನ ಕೆಲಸಗಾರ ತನ್ನ ಪ್ರಾಯೋಜಕನನ್ನು ‘ಕಫೀಲ್’ ಎನ್ನುತ್ತಾನೆ. ಕೆಲಸಗಾರನ ವೀಸಾ, ವಾಸದ ಪರವಾನಗಿ ಎಲ್ಲವನ್ನೂ ಅವನಿಗೆ ಗಂಟುಹಾಕುವ ಪದ್ಧತಿಗೆ ‘ಕಫಾಲಾ’ ಎಂದು ಹೆಸರು. ಇತ್ತೀಚಿನ ವರ್ಷಗಳಲ್ಲಿ ಕೆಲವು ದೇಶಗಳು ಈ ಪದ್ಧತಿಯನ್ನು ಸಡಿಲಿಸಿವೆ. ಆದರೆ ನಮ್ಮ ಹಿಂದಿನ ಎರಡು ತಲೆಮಾರು ಬದುಕಿದ್ದು ಅದರ ಅಡಿಯಲ್ಲೇ. ಮೂಲದಲ್ಲಿ ಕಫಾಲಾ ಎಂದರೆ ಹೊಣೆ ಹೊರುವುದು, ಅನಾಥನನ್ನು ಸಾಕುವುದು. ಉರ್ದುವಿನಲ್ಲಿ ಮನೆಯವರನ್ನು ಪೋಷಿಸುವುದಕ್ಕೆ ‘ಕಿಫಾಲತ್’ ಎನ್ನುತ್ತೇವೆ. ಇಲ್ಲಿ ಮನೆಯ ಕಿಫಾಲತ್ ಹೊತ್ತವನು ಅಲ್ಲಿ ಒಬ್ಬ ಕಫೀಲನ ಕೈಕೆಳಗೆ ನಿಲ್ಲುತ್ತಾನೆ. ಈ ಎರಡು ಹೊಣೆಗಳ ನಡುವೆ ಸಿಕ್ಕಿಕೊಂಡ ಮನುಷ್ಯನೇ ಗಲ್ಫ್ ಕಥನದ ನಾಯಕನಾಗಬೇಕಾದವನು.

ನಮ್ಮ ಸರ್ಕಾರವೂ ಈ ಮನುಷ್ಯನನ್ನು ಬೇರೆಯಾಗಿಯೇ ಗುರುತಿಸಿದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ವರ್ಗಕ್ಕೆ ಸೇರಿತು. ಅಂಥವರು ಗಲ್ಫ್ ಮೊದಲಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಮೋಸದಿಂದ ಕಾಪಾಡಲೆಂದೇ ಮಾಡಿದ ನಿಯಮವಿದು. ಆದರೆ 2018ರ ಜನವರಿಯಲ್ಲಿ ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ರಟ್ಟು ಹಾಕುವ ಯೋಚನೆಯನ್ನು ಸರ್ಕಾರ ಪ್ರಕಟಿಸಿದಾಗ ದೇಶದೊಳಗೆ ಎರಡು ದರ್ಜೆಯ ನಾಗರಿಕರನ್ನು ಮಾಡುತ್ತೀರಾ ಎಂಬ ವಿರೋಧ ಎದ್ದಿತು. ಅದೇ ತಿಂಗಳಲ್ಲಿ ಆ ಯೋಚನೆಯನ್ನು ಕೈಬಿಡಲಾಯಿತು. ಬಣ್ಣ ಬರಲಿಲ್ಲ, ಆದರೆ ಆ ಎರಡು ದರ್ಜೆ ನಮ್ಮ ಸಾಹಿತ್ಯದಲ್ಲಿ ಮೊದಲಿನಿಂದಲೂ ಇದೆ. ಓದಿದವನ ಪರದೇಶ ಸಾಹಿತ್ಯವಾಯಿತು, ಓದದವನ ಪರದೇಶ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಉಳಿಯಿತು.

ಎರಡು ಮುಖವಾಡಗಳು

ಬೇರೆ ಭಾಷೆಗಳಲ್ಲೂ ಗಲ್ಫಿನ ಮನುಷ್ಯ ಬಂದಿರುವುದು ಹೆಚ್ಚಾಗಿ ಎರಡು ವೇಷಗಳಲ್ಲಿ. ಒಂದು, ಸೆಂಟು ಬಳಿದುಕೊಂಡು, ಕೈತುಂಬ ಹಣ ಹಿಡಿದು ಬಂದ ಶ್ರೀಮಂತ. ಇನ್ನೊಂದು, ಮರಳಿನಲ್ಲಿ ಬಿದ್ದ ನತದೃಷ್ಟ.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಸಾಗರ್ ಸರ್ಹದಿಯವರ ‘ಬಾಜಾರ್’ (1982). ಹೈದರಾಬಾದಿನಲ್ಲಿ ನಡೆಯುವ ಈ ಚಿತ್ರದಲ್ಲಿ ಗಲ್ಫಿನಿಂದ ಬಂದ ವಯಸ್ಸಾದ ಸಾಹುಕಾರನೊಬ್ಬ ಬಡಮನೆಯ ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಸ್ಮಿತಾ ಪಾಟೀಲರ ನಜ್ಮಾ ತನ್ನ ಬದುಕು ನೆಟ್ಟಗಾಗಲಿ ಎಂಬ ಆಸೆಯಿಂದ ಆ ವ್ಯಾಪಾರಕ್ಕೆ ನೆರವಾಗುತ್ತಾಳೆ. ಹುಡುಗಿ ಶಬ್ನಮ್ ವಿಷ ಕುಡಿಯುತ್ತಾಳೆ. ಬಡತನ, ಮರ್ಯಾದೆ, ವರದಕ್ಷಿಣೆ ಈ ಮೂರೂ ಸೇರಿ ಹೆಣ್ಣನ್ನು ಸಂತೆಗೆ ತರುವ ಬಗೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಚಿತ್ರಗಳು ಕಡಿಮೆ. ಚಿತ್ರದ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಅದರ ಗಲ್ಫ್ ಬರೀ ಒಂದು ಕೈಚೀಲ. ಆ ಹಣ ಯಾವ ಬೆವರಿನಿಂದ ಬಂತು ಎಂದು ಚಿತ್ರ ಕೇಳುವುದಿಲ್ಲ. ಅದರ ವಸ್ತು ಬೇರೆಯಾದ್ದರಿಂದ ಕೇಳಬೇಕಾಗಿಯೂ ಇರಲಿಲ್ಲ. ತೊಂದರೆಯಾದದ್ದು ಆಮೇಲೆ. ಗಲ್ಫಿನವನೆಂದರೆ ಕೊಳ್ಳಲು ಬಂದವನು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತರಲಾಯಿತು. ಅದರ ಮೇಲೆ 2016ರಲ್ಲಿ ಬಂದ ‘ಏರ್‌ಲಿಫ್ಟ್’ ಚಿತ್ರದ ನಾಯಕ ಒಬ್ಬ ಭಾರೀ ವ್ಯಾಪಾರಿ. ಕೂಲಿಯವರು ಅವನ ಹಿಂದೆ ನಿಂತ ಗುಂಪು. ಸಾಮಾನ್ಯ ಕೆಲಸಗಾರನಿಗೆ ಗುಂಪಿನಲ್ಲಲ್ಲದೆ ಬೇರೆ ಕಡೆ ಮುಖವೇ ಇಲ್ಲ.

ಆಡಿನ ಬದುಕು, ಸುಳ್ಳಿನ ಕಾಗದ

ಎರಡನೆಯ ವೇಷದ ಅತ್ಯಂತ ಪ್ರಸಿದ್ಧ ಕೃತಿ ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ (2008). ಲೇಖಕರು ಸ್ವತಃ ಎರಡು ದಶಕ ಬಹ್ರೈನಿನಲ್ಲಿ ದುಡಿದವರು. ಕೇರಳದ ನಜೀಬ್ ಎಂಬ ಮರಳು ತೆಗೆಯುವ ಕೂಲಿಯವನು ಬಸುರಿ ಹೆಂಡತಿ ಸೈನುವನ್ನು ಬಿಟ್ಟು, ಸಾಲ ಮಾಡಿ ವೀಸಾ ಕೊಂಡು, ಮುಂಬೈಯ ಮೂಲಕ ರಿಯಾದಿಗೆ ಹೋಗುತ್ತಾನೆ. ವಿಮಾನ ನಿಲ್ದಾಣದಲ್ಲಿ ಕಾದು ಕಾದು ಸುಸ್ತಾದವನನ್ನು ಒಬ್ಬ ಅರಬ ತನ್ನ ಹಳೇ ಗಾಡಿಯಲ್ಲಿ ಹತ್ತಿಸಿಕೊಂಡು ಹೋಗುತ್ತಾನೆ. ಮುಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಮರಳುಗಾಡಿನ ನಡುವೆ ಆಡು, ಒಂಟೆಗಳ ಕಾವಲು. ಮನುಷ್ಯರ ಮಾತಿಲ್ಲ, ಹಾಸಿಗೆಯಿಲ್ಲ, ಒಣ ಖುಬ್ಬೂಸ್ ಬಿಟ್ಟರೆ ಊಟವಿಲ್ಲ. ಹೊಳೆಯಲ್ಲಿ ಮುಳುಗಿ ಮರಳು ತೆಗೆಯುತ್ತಿದ್ದವನಿಗೆ ಮೈ ತೊಳೆಯಲೂ ನೀರಿಲ್ಲ.

ಕಾದಂಬರಿಯನ್ನು ಹೊಗಳುವವರೆಲ್ಲ ಈ ಯಾತನೆಯ ಬಗ್ಗೆ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸಿದ್ದು ಇನ್ನೆರಡು ಸಂಗತಿಗಳು.

ಮೊದಲನೆಯದು ಅಂಚೆಗೆ ಬೀಳದ ಕಾಗದಗಳು. ಆ ನರಕದಲ್ಲಿದ್ದುಕೊಂಡೇ ನಜೀಬ್ ಸೈನುಗೆ ಕಾಗದ ಬರೆಯುತ್ತಾನೆ. ಅದರಲ್ಲಿ ಒಂದು ಮಾತೂ ನಿಜವಲ್ಲ. ಒಳ್ಳೆಯ ಕೆಲಸ, ಒಳ್ಳೆಯ ಊಟ, ಒಳ್ಳೆಯ ಜನ, ತಾನು ಸುಖವಾಗಿದ್ದೇನೆ. ಕಾಗದ ಹೋಗುವುದಿಲ್ಲವೆಂದು ಗೊತ್ತಿದ್ದೂ ಅವನು ಸುಳ್ಳು ಬರೆಯುವುದನ್ನು ಬಿಡುವುದಿಲ್ಲ. ಓದುವವರೇ ಇಲ್ಲದ ಕಾಗದದಲ್ಲಿ ಯಾಕೆ ಸುಳ್ಳು ಬರೆಯಬೇಕು? ಮನೆಯವರನ್ನು ಸಮಾಧಾನಪಡಿಸುವುದು ಅವನ ಹೊಣೆಯಷ್ಟೇ ಆಗಿ ಉಳಿದಿಲ್ಲ, ಸ್ವಭಾವವೇ ಆಗಿಬಿಟ್ಟಿದೆ. ತಾನು ದುಡಿಯುವ ಗಂಡಸು, ಸುಖವಾಗಿರುವ ಗಂಡ ಎಂಬ ನಂಬಿಕೆ ಹೋದರೆ ಅವನಲ್ಲಿ ಇನ್ನೇನೂ ಉಳಿಯುವುದಿಲ್ಲ. ಇಷ್ಟು ಸೂಕ್ಷ್ಮವನ್ನು ಹಿಡಿದ ಮೇಲೆ ನಜೀಬ್ ಬರೀ ನತದೃಷ್ಟನಾಗಿ ಉಳಿಯುವುದಿಲ್ಲ. ಸುರಕ್ಷಿತವಾದ ರೂಮಿನಲ್ಲಿ ಎಂಟು ಜನರ ಜೊತೆ ಮಲಗಿ ಮನೆಗೆ ‘ಆರಾಮಾಗಿದ್ದೇನೆ’ ಎನ್ನುವ ಲಕ್ಷಾಂತರ ಜನರಲ್ಲಿ ಅವನೂ ಒಬ್ಬನಾಗುತ್ತಾನೆ.

ಎರಡನೆಯದು ಕೊನೆಯ ಭಾಗದ ಒಂದು ಮಾತು. ತಪ್ಪಿಸಿಕೊಂಡು ಬಂದ ನಜೀಬ್ ಜೈಲು ಸೇರಿದ್ದಾನೆ. ಓಡಿಹೋದ ಕೆಲಸಗಾರರನ್ನು ಗುರುತಿಸಲು ಅರಬರು ಅಲ್ಲಿಗೆ ಬರುತ್ತಾರೆ. ಅವನ ಯಜಮಾನನೂ ಬರುತ್ತಾನೆ, ನೋಡುತ್ತಾನೆ, ಬಿಟ್ಟು ಹೋಗುತ್ತಾನೆ. ಆಮೇಲೆ ತಿಳಿಯುವುದೇನೆಂದರೆ ನಜೀಬ್ ಅವನ ವೀಸಾದ ಮೇಲೆ ಬಂದವನೇ ಅಲ್ಲ. ಆಗಿದ್ದರೆ ಮತ್ತೆ ಎಳೆದುಕೊಂಡು ಹೋಗುತ್ತಿದ್ದ. ಯಾರದೋ ಹೆಸರಿನ ಕಾಗದ, ಯಾರದೋ ಕೈಯಲ್ಲಿ ಗುಲಾಮಗಿರಿ. ಬಿಡುಗಡೆಯೂ ಕರುಣೆಯಿಂದ ಬಂದದ್ದಲ್ಲ, ಕಾಗದದ ಲೆಕ್ಕ ಹೊಂದದ್ದರಿಂದ ಬಂದದ್ದು. ಕಫಾಲಾ ಪದ್ಧತಿಯ ಮೇಲೆ ನೂರು ವರದಿಗಳು ಹೇಳಬಹುದಾದದ್ದನ್ನು ಈ ಒಂದು ಮಾತು ಹೇಳುತ್ತದೆ.

ನಜೀಬನ ಪ್ರಾರ್ಥನೆಯ ಬಗ್ಗೆಯೂ ಹೇಳಬೇಕು. ಕಾದಂಬರಿಯುದ್ದಕ್ಕೂ ಅವನು ಅಲ್ಲಾಹನ ಜೊತೆ ಮಾತಾಡುತ್ತಾನೆ. ಅದು ಬರೀ ಶರಣಾಗತಿಯ ಮಾತಲ್ಲ. ಅದರಲ್ಲಿ ದೂರು ಇದೆ, ಮುನಿಸು ಇದೆ. ಇಕ್ಬಾಲರ ‘ಶಿಕ್ವಾ’ ಓದಿದವರಿಗೆ ಇದು ಅಪರಿಚಿತವಲ್ಲ. ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ತಿಳಿದವರು ಈ ಭಾಗಗಳನ್ನು ಮತ್ತೊಮ್ಮೆ ಓದಬೇಕು.

2024ರಲ್ಲಿ ಬ್ಲೆಸ್ಸಿಯವರ ನಿರ್ದೇಶನದಲ್ಲಿ ಬಂದ ಸಿನಿಮಾ ಕನ್ನಡದಲ್ಲೂ ಬಿಡುಗಡೆಯಾಯಿತು. ಪೃಥ್ವಿರಾಜ್ ಪಾತ್ರಕ್ಕಾಗಿ ದೇಹವನ್ನೇ ಸವೆಸಿದರು. 2020ರ ಲಾಕ್‌ಡೌನಿನಲ್ಲಿ ಇಡೀ ತಂಡ ಜೋರ್ಡಾನಿನ ಮರಳುಗಾಡಿನಲ್ಲಿ ಸಿಕ್ಕಿಕೊಂಡಿತ್ತು; ಪರದೇಶದಲ್ಲಿ ಸಿಲುಕಿದವರ ಕಥೆ ಮಾಡಲು ಹೋದವರೇ ಊರಿಗೆ ಮರಳುವ ವಿಮಾನಕ್ಕಾಗಿ ಕಾದರು. ಚಿತ್ರದ ಶ್ರಮ, ಪ್ರಾಮಾಣಿಕತೆ ಎರಡನ್ನೂ ಮೆಚ್ಚಬೇಕು. ಆದರೆ ಸಿನಿಮಾ ಕಣ್ಣಿಗೆ ಕಾಣುವುದನ್ನು ನಂಬುತ್ತದೆ. ಮರಳಿನ ಹರವು, ಒಣಗಿದ ತುಟಿ, ಊರಿನ ಹಸಿರು ನೀರಿನ ನೆನಪು ಇವು ಮುಂದೆ ಬಂದಾಗ ಒಬ್ಬ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳು ಹಿಂದೆ ಸರಿಯುತ್ತದೆ. ನಾವು ಕಣ್ಣೀರು ಒರೆಸಿಕೊಂಡು ಹೊರಗೆ ಬರುತ್ತೇವೆ, ‘ನಮ್ಮ ಮನೆಯವರಿಗೆ ಹೀಗಾಗಿಲ್ಲವಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ. ಮರಳುಗಾಡಿನ ಕಥನಕ್ಕಿರುವ ಅಪಾಯವೇ ಇದು. ಅತಿ ಭಯಂಕರವಾದದ್ದನ್ನು ತೋರಿಸಿ ದಿನನಿತ್ಯದ ನೋವನ್ನು ಅದು ಸಣ್ಣದು ಮಾಡಿಬಿಡುತ್ತದೆ.

ಈ ದಡದಲ್ಲಿ ಉಳಿದವರು

ಆ ದಿನನಿತ್ಯದ ನೋವನ್ನು ಹಾಡಾಗಿಸಿದ್ದು ಕೇರಳದ ಮಾಪಿಳ್ಳೆಗಳ ಕತ್ತ್‌ಪಾಟ್ಟು. ಕತ್ತ್ ಎಂದರೆ ಖತ್, ಕಾಗದ. ಕಾಗದದ ರೂಪದ ಈ ಹಾಡಿನ ಪರಂಪರೆಗೆ ನಮ್ಮ ನಾಡಿನ ನಂಟೂ ಇದೆ. ಪುಲಿಕ್ಕೋಟ್ಟಿಲ್ ಹೈದರ್ ಅವರ ‘ಮರಿಯಕುಟ್ಟಿಯ ಕತ್ತ್’ ಹುಟ್ಟಿದ್ದು ಬಳ್ಳಾರಿ ಜೈಲಿನಲ್ಲಿದ್ದ ಗಂಡನಿಗೆ ಹೆಂಡತಿ ಕೊಡುವ ಉತ್ತರವಾಗಿ. ಎಪ್ಪತ್ತರ ದಶಕದಲ್ಲಿ ಎಸ್.ಎ. ಜಮೀಲ್ ಅದೇ ರೂಪದಲ್ಲಿ ‘ದುಬೈ ಕತ್ತ್‌ಪಾಟ್ಟು’ ಬರೆದು ಹಾಡಿದರು. ದುಬೈಯಲ್ಲಿರುವ ಗಂಡನಿಗೆ ಊರಿನಲ್ಲಿರುವ ಹೆಂಡತಿಯ ಕಾಗದ ಅದು. ಹಣ ಬರುತ್ತಿದೆ, ನೀವು ಬರುತ್ತಿಲ್ಲ. ನನ್ನ ಯೌವನ ಕಾಯುವುದರಲ್ಲೇ ಕಳೆಯುತ್ತಿದೆ ಎಂಬ ಅಳಲನ್ನು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಹಾಡಿನ ಕ್ಯಾಸೆಟ್ಟುಗಳು ಗಲ್ಫಿನ ರೂಮುರೂಮುಗಳಿಗೆ ಹೋದವು. ಆಮೇಲೆ ಜಮೀಲರೇ ಗಂಡನ ಮಾರುತ್ತರವನ್ನೂ ಬರೆದರು. ಹಾಡು ಸಭ್ಯವಲ್ಲ ಎಂದು ಮೂಗು ಮುರಿದವರಿದ್ದರು. ಆದರೆ ಅದು ಮುಟ್ಟಬೇಕಾದಲ್ಲಿಗೆ ಮುಟ್ಟಿತು.

ಇದನ್ನು ಅಸಭ್ಯ ಎನ್ನುವವರು ಇಸ್ಲಾಮೀ ಇತಿಹಾಸದ ಪ್ರಸಿದ್ಧ ವರದಿಯೊಂದನ್ನು ನೆನೆಯಬೇಕು. ಖಲೀಫಾ ಉಮರ್ ರಾತ್ರಿ ಮದೀನಾದ ಬೀದಿಯಲ್ಲಿ ಗಸ್ತು ತಿರುಗುವಾಗ ಮನೆಯೊಂದರೊಳಗಿಂದ ಹೆಣ್ಣಿನ ದನಿ ಕೇಳಿತು. ಗಂಡ ಯುದ್ಧಕ್ಕೆ ಹೋಗಿ ದೂರದಲ್ಲಿದ್ದಾನೆ. ಅವಳು ತನ್ನ ಒಂಟಿತನವನ್ನು ಪದ್ಯವಾಗಿ ಹೇಳಿಕೊಳ್ಳುತ್ತಿದ್ದಳು. ಉಮರ್ ಅವಳನ್ನು ಗದರಲಿಲ್ಲ. ಗಂಡನಿಲ್ಲದೆ ಹೆಂಡತಿ ಎಷ್ಟು ಕಾಲ ತಾಳಬಲ್ಲಳು ಎಂದು ಮಗಳು ಹಫ್ಸಾ ಅವರನ್ನು ಕೇಳಿದರು. ನಾಲ್ಕು ತಿಂಗಳು ಎಂಬ ವರದಿಯೂ ಇದೆ, ಆರು ತಿಂಗಳು ಎಂಬುದೂ ಇದೆ. ಅದಕ್ಕಿಂತ ಹೆಚ್ಚು ಕಾಲ ಸೈನಿಕರನ್ನು ಮನೆಯಿಂದ ದೂರ ಇಡಬಾರದೆಂದು ಅವರು ಆಜ್ಞೆ ಹೊರಡಿಸಿದರು. ಒಬ್ಬ ಹೆಣ್ಣುಮಗಳ ಹಾಡನ್ನು ದೂರು ಎಂದು ತಿಳಿದು ಆಳುವವನು ಕಾನೂನು ಬದಲಿಸಿದ ಪ್ರಸಂಗ ಇದು. ನಮ್ಮ ಮನೆಗಳ ಹೆಣ್ಣುಮಕ್ಕಳು ಕಾದದ್ದು ಎರಡೆರಡು ವರ್ಷಕ್ಕೆ ಒಮ್ಮೆ ಬರುವ ಎರಡು ತಿಂಗಳ ರಜೆಗಾಗಿ. ಅವರ ಹಾಡನ್ನು ಯಾರು ಕೇಳಿದರು?

ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ ದಿನಗಳಲ್ಲಿ ನಮ್ಮ ಗಲ್ಲಿಯ ಹೆಂಗಸರಿಗೆ ಕಾಗದ ಬರೆದುಕೊಡುವ ಕೆಲಸ ನನ್ನದಾಗಿತ್ತು. ಮಧ್ಯಾಹ್ನದ ಅಡುಗೆ ಮುಗಿಸಿ, ನೀಲಿ ಏರ್‌ಮೇಲ್ ಕಾಗದ ಹಿಡಿದು ಬರುತ್ತಿದ್ದರು. ಆರಂಭ ಯಾವಾಗಲೂ ಒಂದೇ: ‘ಯಹಾಂ ಸಬ್ ಖೈರಿಯತ್ ಹೈ, ಆಪ್ ಕೀ ಖೈರಿಯತ್ ಖುದಾ ಸೇ ನೇಕ್ ಚಾಹ್ತೀ ಹೂಂ.’ ಕನ್ನಡದಲ್ಲಿ ‘ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎನ್ನುವುದಿಲ್ಲವೇ, ಹಾಗೆ. ಅದಾದ ಮೇಲೆ ಅವರು ಮನಸ್ಸು ಬಿಚ್ಚುತ್ತಿದ್ದರು. ಅತ್ತೆಯ ಮಾತು, ಮೈದುನ ಹಣ ಕೊಡದೆ ಸತಾಯಿಸಿದ್ದು, ಮಗು ಅಪ್ಪನ ಫೋಟೋ ನೋಡಿ ಅಪರಿಚಿತನಂತೆ ಮುಖ ತಿರುಗಿಸಿದ್ದು, ರಾತ್ರಿ ನಿದ್ದೆ ಬಾರದ್ದು. ಹೇಳಿ ಮುಗಿಸಿ, ನಾನು ಪೆನ್ನು ಊರಿದ ಕೂಡಲೇ ‘ಯೇ ನಕ್ಕೋ ಲಿಖ್ ಬೇಟೀ’ ಎನ್ನುತ್ತಿದ್ದರು. ಇದನ್ನು ಬರೆಯಬೇಡ ಮಗಳೇ, ಅವರು ಅಲ್ಲಿ ಕಂಗಾಲಾಗುತ್ತಾರೆ. ಕಡೆಗೆ ಕಾಗದದಲ್ಲಿ ಉಳಿಯುತ್ತಿದ್ದದ್ದು ಹಣ ಮುಟ್ಟಿತು, ಮಳೆ ಚೆನ್ನಾಗಿ ಆಯಿತು, ಅಮ್ಮನಿಗೆ ಮಂಡಿನೋವು ಕಡಿಮೆ ಎಂಬ ಮೂರು ಸಾಲು. ಆ ಕಡೆಯಿಂದಲೂ ಅಷ್ಟೇ ಖೈರಿಯತ್ತಿನ ಕಾಗದ ಬರುತ್ತಿತ್ತು. ನಜೀಬನ ಕಾಗದಗಳನ್ನು ಓದುವಾಗ ಅವನ ಸುಳ್ಳಿನ ಇನ್ನೊಂದು ತುದಿ ನನಗೆ ಮೊದಲೇ ಗೊತ್ತಿತ್ತು.

ಎರಡೂ ದಡಗಳಲ್ಲಿ ಪ್ರೀತಿಯಿಂದಲೇ ಹುಟ್ಟಿದ ಈ ಮುಚ್ಚುಮರೆ ಗಲ್ಫ್ ಬದುಕಿನ ತಿರುಳ. ಈಗ ಕಾಗದ ಹೋಗಿ ವಿಡಿಯೋ ಕಾಲ್ ಬಂದಿದೆ. ಮುಖ ಕಾಣುತ್ತದೆ, ಆದರೆ ಯಾವ ಗೋಡೆಯ ಮುಂದೆ ನಿಂತು ಮಾತಾಡಬೇಕೆಂದು ಆರಿಸಿಕೊಳ್ಳುವುದು ಅವನೇ. ಕಣ್ಣೀರು ಒರೆಸಿಕೊಂಡ ಮೇಲೆಯೇ ಫೋನ್ ಎತ್ತುವುದು ಇವಳು. ಮಹಲು ಮತ್ತು ಮರಳುಗಾಡು ಎರಡನ್ನೂ ಬಿಟ್ಟು ಈ ಮುಚ್ಚುಮರೆಯನ್ನು ಹಿಡಿದ ಕಥೆಗಳು ನಮಗೆ ಬೇಕು.

ಮರಳಿ ಬಂದವರು, ಬಾರದವರು

ಮರಳುವುದೂ ಒಂದು ಕಥೆಯೇ. ಸಲೀಂ ಅಹಮದ್ ಅವರ ‘ಪತ್ತೇಮಾರಿ’ (2015) ಚಿತ್ರದಲ್ಲಿ ಮಮ್ಮೂಟ್ಟಿ ಮಾಡಿರುವ ನಾರಾಯಣನ್ ಅರವತ್ತರ ದಶಕದಲ್ಲಿ ಹಾಯಿಹಡಗಿನಲ್ಲಿ ಕದ್ದು ಹೋಗಿ ಖೋರ್ ಫಕ್ಕಾನ್ ದಡ ಸೇರುತ್ತಾನೆ. ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಜೀವಮಾನವೇ ಅಲ್ಲಿ ಕಳೆಯುತ್ತದೆ. ಊರಿನಲ್ಲಿ ಅವನ ಹಣದಿಂದ ಮನೆ ಏಳುತ್ತದೆ. ಆ ಮನೆಯಲ್ಲಿ ಅವನು ಬದುಕುವುದಿಲ್ಲ. ಈ ಚಿತ್ರದಲ್ಲಿ ದುಷ್ಟ ಅರಬನಿಲ್ಲ, ಹೊಡೆತವಿಲ್ಲ, ಮರುಭೂಮಿಯಿಲ್ಲ. ಮನೆಯವರ ಬೇಡಿಕೆಗೆ ಇಲ್ಲವೆನ್ನಲಾರದ ಒಬ್ಬ ಸಾಮಾನ್ಯ ಮನುಷ್ಯನಿದ್ದಾನೆ. ‘ಆಡುಜೀವಿತಂ’ ನೋಡಿ ಅತ್ತವರು ‘ಪತ್ತೇಮಾರಿ’ ನೋಡಿ ಸುಮ್ಮನಾಗುತ್ತಾರೆ. ಯಾಕೆಂದರೆ ಇಲ್ಲಿ ತಪ್ಪು ಹೊರಿಸಲು ದೂರದ ಕಫೀಲನಿಲ್ಲ, ನಾವೇ ಇದ್ದೇವೆ. ನನ್ನ ದೃಷ್ಟಿಯಲ್ಲಿ ಗಲ್ಫ್ ಕಥನಕ್ಕೆ ಇದು ಹೆಚ್ಚು ಸರಿಯಾದ ದಾರಿ.

ಬಾರದವರ ಕಥೆ ನಮ್ಮ ನೆಲದಲ್ಲೇ ಇದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರು ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಜನ ತೀರಿಕೊಂಡರು, 8 ಜನ ಉಳಿದರು. ಬಂದವರು ಕರಾವಳಿಯವರು, ಕಾಸರಗೋಡಿನವರು, ಎಲ್ಲ ಮತದವರು. ಗುರುತು ಸಿಗದ ಕೆಲವು ಶವಗಳನ್ನು ಮಂಗಳೂರಿನಲ್ಲೇ ಮಣ್ಣು ಮಾಡಲಾಯಿತು. ಪರಿಹಾರದ ವ್ಯಾಜ್ಯ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸತ್ತವನ ಸಂಬಳ ನೋಡಿ ಪರಿಹಾರ ಲೆಕ್ಕ ಹಾಕುವುದು ಕಾನೂನಿನ ರೀತಿ. ಆ ಲೆಕ್ಕದಲ್ಲಿ ಬಾರದ ನಷ್ಟವನ್ನು ಬರೆದಿಡುವುದು ಸಾಹಿತ್ಯದ ಕೆಲಸ. ಪತ್ರಿಕೆಗಳು ತಮ್ಮ ಕೆಲಸ ಮಾಡಿದವು. ಆದರೆ ಆ ದುರಂತವನ್ನು ಒಳಗಿಂದ ಕಂಡು ಬರೆದ, ಓದುಗರ ನೆನಪಿನಲ್ಲಿ ನಿಂತ ಕನ್ನಡ ಕಾದಂಬರಿ ಯಾವುದೆಂದು ಕೇಳಿದರೆ ಹೇಳಲು ನನಗೆ ಹೆಸರು ಸಿಗುವುದಿಲ್ಲ.

2024ರ ಜೂನಿನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತಾಗಲೂ ಹೀಗೇ ಆಯಿತು. ಒಂದು ವಾರ ಸುದ್ದಿ, ಆಮೇಲೆ ಮೌನ.

ಕನ್ನಡ ಯಾಕೆ ಸುಮ್ಮನಿದೆ?

ಉತ್ತರ ಕನ್ನಡದ ಕರಾವಳಿ ಕನ್ನಡಕ್ಕೆ ಅಪೂರ್ವವಾದ ಮುಂಬೈ ಸಾಹಿತ್ಯವನ್ನು ಕೊಟ್ಟಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’, ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳು ಇಲ್ಲದೆ ಆಧುನಿಕ ಕನ್ನಡ ಗದ್ಯವನ್ನು ಊಹಿಸುವುದು ಕಷ್ಟ. ಅದೇ ಕರಾವಳಿಯ ಭಟ್ಕಳದಿಂದ ದುಬೈಗೆ ಹೋದವರು ಅಂಥ ಸಾಹಿತ್ಯವನ್ನು ಕೊಡಲಿಲ್ಲ. ಕಾರಣಗಳಿವೆ. ಮುಂಬೈಗೆ ಹೋದವರು ಅಲ್ಲಿ ಕನ್ನಡ ಶಾಲೆ, ಸಂಘ, ಪತ್ರಿಕೆ ಕಟ್ಟಿಕೊಂಡರು; ಸಂಸಾರ ಹೂಡಿದರು. ಗಲ್ಫಿಗೆ ಹೋದವರ ಮನೆಮಾತು ಬ್ಯಾರಿ, ನವಾಯತಿ, ತುಳು, ಕೊಂಕಣಿ, ದಖನಿ. ಕನ್ನಡ ಶಾಲೆಯ ಮಾತು. ದಿನಕ್ಕೆ ಹನ್ನೆರಡು ಗಂಟೆ ದುಡಿದವನಿಗೆ ಬರೆಯಲು ಬಿಡುವೂ ಇಲ್ಲ, ಧೈರ್ಯವೂ ಇಲ್ಲ.

ಇಷ್ಟೇ ಅಲ್ಲ, ಕನ್ನಡ ವಿಮರ್ಶೆಯ ಪಾಲೂ ಇದರಲ್ಲಿದೆ. ‘ಮುಸ್ಲಿಂ ಸಂವೇದನೆ’ ಎಂಬ ಖಾನೆಯೊಂದನ್ನು ಮಾಡಿ ಅದರೊಳಗೆ ತಲಾಖ್, ಬುರ್ಖಾ, ಕೋಮುಗಲಭೆ ಈ ಮೂರನ್ನೇ ಇಟ್ಟುಕೊಂಡು ನಮ್ಮ ಕಥೆಗಳನ್ನು ಓದುವ ರೂಢಿ ಬೆಳೆಯಿತು. ಈ ವಸ್ತುಗಳು ಮುಖ್ಯವಾದವೇ, ಅವನ್ನು ಬರೆದವರು ಬೆಲೆ ತೆತ್ತು ಬರೆದಿದ್ದಾರೆ. ಆದರೆ ಒಂದು ಮನೆಯಲ್ಲಿ ಗಂಡಸು ಹದಿನೆಂಟು ವರ್ಷ ಇಲ್ಲದಿರುವುದು, ಹೆಣ್ಣು ಒಬ್ಬಳೇ ಬ್ಯಾಂಕು, ಶಾಲೆ, ಆಸ್ಪತ್ರೆ ಎಂದು ತಿರುಗುತ್ತಾ ಯಜಮಾನಿಯಾಗುವುದು, ಮರಳಿ ಬಂದ ಗಂಡ ಆ ಮನೆಯಲ್ಲಿ ಅತಿಥಿಯಂತೆ ಕೂರುವುದು ಇವು ಸಂವೇದನೆಯ ಖಾನೆಗೆ ಬರಲಿಲ್ಲ, ಬರೀ ಆರ್ಥಿಕ ವಿಷಯವಾದವು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಮನೆಗಳ ಒಳಗಿನ ಕಥೆಗೆ ಹೊರಗೆ ಓದುಗರಿದ್ದಾರೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಇನ್ನು ನಮ್ಮ ಹಿಂಜರಿಕೆಗೆ ನೆಪವಿಲ್ಲ.

ಇನ್ನೊಂದು ಕಾರಣ ನಮ್ಮೊಳಗಿನದೇ. ಮನೆಯ ಗುಟ್ಟು ಹೊರಗೆ ಹೋಗಬಾರದೆಂಬ ಮರ್ಯಾದೆ. ಆದರೆ ಮರ್ಯಾದೆ ಕಾಪಾಡುವುದೆಂದರೆ ನೋವನ್ನು ಹೂತುಹಾಕುವುದಲ್ಲ. ಮಲಯಾಳಿ ಮಾಪಿಳ್ಳೆಗಳು ಅದನ್ನು ಹಾಡಿದರು. ಅದರಿಂದ ಅವರ ಮರ್ಯಾದೆಗೆ ಕುಂದು ಬರಲಿಲ್ಲ, ಗಂಡಸರಿಗೆ ಹೆಂಗಸರ ಮನಸ್ಸು ತಿಳಿಯಿತು.

ಈಗ ಆ ಮೊದಲ ತಲೆಮಾರಿನವರು ಎಪ್ಪತ್ತು ದಾಟಿದ್ದಾರೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ನೀಲಿ ಕಾಗದಗಳು, ಧೂಳು ಹಿಡಿದ ಕ್ಯಾಸೆಟ್ಟುಗಳು, ರದ್ದಾದ ಪಾಸ್‌ಪೋರ್ಟುಗಳು ಇನ್ನೂ ಇವೆ. ಹೊಸ ಮನೆ ಕಟ್ಟುವಾಗ ಅವೆಲ್ಲ ರದ್ದಿಗೆ ಹೋಗುತ್ತಿವೆ. ಬರೆಯುವ ಯುವಕ ಯುವತಿಯರು ಅವನ್ನು ಎತ್ತಿಟ್ಟುಕೊಳ್ಳಬೇಕು. ಬರೆದವರು, ಬರೆಸಿದವರು ಬದುಕಿರುವಾಗಲೇ ಅವರ ಪಕ್ಕದಲ್ಲಿ ಕೂತು, ಆ ಮೂರು ಸಾಲುಗಳಲ್ಲಿ ಬಾರದೆ ಹೋದದ್ದೇನೆಂದು ಕೇಳಬೇಕು. ಅಮ್ಮಂದಿರು, ಅಜ್ಜಿಯರು ಮೊದಲು ‘ಏನೂ ಇಲ್ಲ, ಎಲ್ಲ ಖೈರಿಯತ್ತೇ ಇತ್ತು’ ಎನ್ನುತ್ತಾರೆ. ಎರಡನೇ ಸಲ ಕೇಳಿದರೆ ಹೇಳುತ್ತಾರೆ.